ಮ್ಯಾಂಡೊಲಿನ್ ಇಲ್ಲದ ಹಾಡು

ಸಿದ್ಧಕಟ್ಟೆ
೧೪ ಜೂನ್ ೨೦೨೩

ಪ್ರೀತಿಯ ಅಕ್ಕ,

ನಮಸ್ಕಾರ. ಇದು ಫೋನಿನಲ್ಲಿ ಹೇಳಿ ಮುಗಿಸಬೇಕಾದ ಸುದ್ದಿ. ಆದರೆ ಒಂದು ವರ್ಷದಿಂದ ನಿನ್ನ ಫೋನನ್ನು ಮೊಮ್ಮಗಳು ಪ್ರಾಪ್ತಿಯೇ ಎತ್ತುತ್ತಿದ್ದಾಳೆ. ಒಮ್ಮೆ ನೀನು ಸ್ನಾನಕ್ಕೆ ಹೋಗಿರುತ್ತೀಯ, ಒಮ್ಮೆ ಮಲಗಿರುತ್ತೀಯ. ಮೊನ್ನೆ ಅವಳು, "ಅಜ್ಜ, ನೀವು ಪತ್ರ ಬರೀಬೇಕಂತೆ. ನಿಮ್ಮ ಅಕ್ಷರ ನೋಡದೆ ತುಂಬ ಸಮಯ ಆಯ್ತಂತೆ" ಎಂದಳು. ನಾಸಿಕ್‌ನಲ್ಲಿ ಕೂತು ನಿನಗೆ ಇದೆಂಥ ಆಸೆಯೋ! ಅಂಚೆ ಕಚೇರಿಯಲ್ಲಿ ಲಕೋಟೆ ಕೇಳಿದರೆ ಅಲ್ಲಿಯ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

ಸುದ್ದಿ ಏನೆಂದರೆ, ನಾನು ಮತ್ತೆ ಹಾಡುತ್ತಿದ್ದೇನೆ. ಯಾರದೋ ಮದುವೆಗೆ ಒಂದೆರಡು ಪದ್ಯ ಅಲ್ಲ. ಒಂಬತ್ತು ಹೊಸ ಹಾಡುಗಳ ಇಡೀ ಆಲ್ಬಂ, ಸ್ಟುಡಿಯೋದಲ್ಲಿ. ನನ್ನ ಕೊನೆಯ ಕ್ಯಾಸೆಟ್ ಬಂದಾಗ ಕ್ಯಾಸೆಟ್ಟಿನ ಕಾಲವೇ ಮುಗಿದಿತ್ತು. ಮಾರಾಟವಾಗದೆ ಉಳಿದದ್ದು ನನ್ನ ಮೈಕ್ ಸೆಟ್ ಅಂಗಡಿಯ ಅಟ್ಟದಲ್ಲಿ ಬಿದ್ದಿತ್ತು. ಜ್ಯೋತ್ಸ್ನಾ ಅದರ ರೀಲು ಎಳೆದು ತೊಂಡೆ ಚಪ್ಪರಕ್ಕೆ ಹಕ್ಕಿ ಓಡಿಸಲು ಕಟ್ಟಿದಳು. ಗಾಳಿ ಬಂದಾಗ ಗುಂಯ್ ಎನ್ನುತ್ತಿತ್ತು. "ನಿಮ್ಮ ಸ್ವರ ಈಗಲೂ ಕೆಲಸಕ್ಕೆ ಬರ್ತದೆ ನೋಡಿ" ಎಂದು ನನ್ನ ಹೆಂಡತಿಯೇ ನಗುತ್ತಿದ್ದಳು. ನಾನೂ ನಕ್ಕೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಕಳೆದ ದೀಪಾವಳಿಗೆ ಮೂಡುಬಿದಿರೆಯಿಂದ ಶಿಶಿರ್ ಎಂಬ ಹುಡುಗ ಅಂಗಡಿಗೆ ಬಂದ. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಬೇಕರಿಯೊಂದರ ಮಹಡಿಯಲ್ಲಿ ಅವನ ಸ್ಟುಡಿಯೋ ಉಂಟು. ಹಳೆಯ ಆಂಪ್ಲಿಫೈಯರ್ ಹುಡುಕುತ್ತಾ ಬಂದವನು ಗೋಡೆಯ ಫೋಟೋ ನೋಡಿ ನಿಂತ.

"ನೀವು ಸಿದ್ಧಕಟ್ಟೆ ಶೇಖರ ಅಲ್ವಾ? ನನ್ನಮ್ಮ ನಿಮ್ಮ ಪದ್ಯ ಹೇಳಿಯೇ ನನ್ನನ್ನು ಮಲಗಿಸ್ತಾ ಇದ್ದದ್ದು. ಹೊಸತು ಉಂಟಾ?"

"ಪದ್ಯ ಉಂಟು ಮಾರಾಯ, ಸ್ವರ ಇಲ್ಲ" ಎಂದೆ.

"ಇದ್ದಷ್ಟು ಸಾಕು. ಬನ್ನಿ, ಮಾಡುವ" ಎಂದ.

ಅರವತ್ತೇಳರಲ್ಲಿ ಇದು ಬೇಕಿತ್ತೇ ಎಂದು ನೀನು ಕೇಳಬಹುದು. ಕೇಳು. ನೀನು ಕೇಳದೆ ನನ್ನ ಯಾವ ಹಾಡೂ ಹೊರಗೆ ಹೋದದ್ದಿಲ್ಲ. ಮೇ ತಿಂಗಳ ರಜೆಗೆ ಬಂದಾಗ ಜಗಲಿಯಲ್ಲಿ ಹಲಸಿನ ತೊಳೆ ಬಿಡಿಸುತ್ತಾ, "ಎರಡನೇ ಸಾಲು ಸುಳ್ಳು, ತೆಗಿ" ಎನ್ನುತ್ತಿದ್ದೆಯಲ್ಲ, ಅಷ್ಟು ಸಾಕಿತ್ತು ನನಗೆ. ಭಾವ ತೀರಿಕೊಂಡ ಮೇಲೆ ನೀನು ಈ ಕಡೆ ಬರಲೇ ಇಲ್ಲ. ಹಾಗಾಗಿ ಈ ಸಲ ಹಾಡೇ ಅಲ್ಲಿಗೆ ಬರುತ್ತದೆ.

ನಿನ್ನ ತಮ್ಮ
ಶೇಖರ


ನಾಸಿಕ್
೨ ಜುಲೈ ೨೦೨೩

ಶೇಖರ,

ನಿನ್ನ ಪತ್ರ ಬಂದ ದಿನ ನಾನು ಮಧ್ಯಾಹ್ನ ಮಲಗಲಿಲ್ಲ. ಗೆರೆ ನೇರವಾಗಿ ಹೊರಟು ಕೊನೆಗೆ ಬರುವಾಗ ಕೆಳಗೆ ಜಾರುತ್ತದೆ, ಈಗಲೂ ಅದೇ ಅಕ್ಷರ. ಎಷ್ಟು ಸಲ ಓದಿದೆನೋ! ಫೋನಿನ ಮಾತಾದರೆ ಹೀಗೆ ಎರಡನೇ ಸಲ ಸಿಗುತ್ತದೆಯೇ? ಅದರಲ್ಲಿ ಅರ್ಧ ಹೊತ್ತು "ಹಲೋ ಹಲೋ" ಎನ್ನುವುದರಲ್ಲೇ ಹೋಗುತ್ತದೆ. ನೀನು ಪತ್ರವನ್ನೇ ಬರೆ.

ಅರವತ್ತೇಳರಲ್ಲಿ ಬೇಕಿತ್ತೇ ಎಂದು ನಾನೇಕೆ ಕೇಳಲಿ? ಹಾಡು. ಶೀತದ್ದು ಕುಡಿಯಬೇಡ. ಮೇಲಿನ ಸ್ಥಾಯಿಗೆ ಹೋಗಿ ಕಿರುಚಬೇಡ, ನಿನಗೆ ಮೊದಲಿಂದಲೂ ಕೆಳಗಿನ ಸ್ವರವೇ ಚಂದ. ಜ್ಯೋತ್ಸ್ನಾಳಿಗೆ ಕಷಾಯ ಮಾಡಿಕೊಡಲು ಹೇಳು, ಅವಳಿಗೆ ನಗುವುದೊಂದೇ ಕೆಲಸವೇ?

ಒಂಬತ್ತು ಹಾಡುಗಳ ಮಾತನ್ನೂ ಕಾಗದದಲ್ಲಿ ಬರೆದು ಕಳಿಸು. ಸಾವಕಾಶವಾಗಿ ಓದುತ್ತೇನೆ. ದೊಡ್ಡ ಅಕ್ಷರದಲ್ಲಿ ಬರೆ. ಮರೆಯಬೇಡ.

ಜಿತೇಶ ಹೋಟೆಲಿಗೆ ಬೆಳಿಗ್ಗೆ ಹೋದರೆ ಬರುವುದು ರಾತ್ರಿಯೇ. ಮಗ ಮನೆಯಲ್ಲಿದ್ದಾನೆ ಎಂದು ನನಗೆ ಗೊತ್ತಾಗುವುದು ಬಾಗಿಲಲ್ಲಿ ಅವನ ಚಪ್ಪಲಿ ನೋಡಿ. ಪ್ರಾಪ್ತಿ ಕಾಲೇಜು ಕೊನೆಯ ವರ್ಷ. ಮನೆ ಬಹಳ ಶಾಂತವಾಗಿದೆ ಈಗ.

ಅಕ್ಕ
ಕಾಂತಿ


ಸಿದ್ಧಕಟ್ಟೆ
೯ ಆಗಸ್ಟ್ ೨೦೨೩

ಪ್ರೀತಿಯ ಅಕ್ಕ,

ಮಾತು ಬರೆದು ಕಳಿಸುವುದಿಲ್ಲ. "ಕಾಗದದ ಮೇಲಿನ ಹಾಡು ಅಕ್ಕಿ, ಅನ್ನ ಅಲ್ಲ" ಎಂದು ನನಗೆ ಹೇಳಿಕೊಟ್ಟವಳೇ ನೀನು. ಈಗ ಅಕ್ಕಿ ಕಳಿಸು ಎನ್ನುತ್ತೀಯಲ್ಲ! ಸಮಯ ಇಲ್ಲದಿದ್ದರೆ ನಿಧಾನಕ್ಕೆ ಕೇಳು, ಆದರೆ ಕೇಳು. ಶಿಶಿರ್ ಎಲ್ಲ ಹಾಡುಗಳನ್ನೂ ಪ್ರಾಪ್ತಿಯ ಫೋನಿಗೆ ಕಳಿಸಿದ್ದಾನೆ.

ಸ್ಟುಡಿಯೋ ಎಂದರೆ ನಮ್ಮ ಕಾಲದ ಹಾಗೆ ಅಲ್ಲ. ಆಗ ಮಂಗಳೂರಿನಲ್ಲಿ ಒಂದೇ ಮೈಕಿನ ಸುತ್ತ ಎಲ್ಲರೂ ನಿಂತು ಹಾಡುತ್ತಿದ್ದೆವು. ಯಾರಾದರೂ ಕೆಮ್ಮಿದರೆ ಪುನಃ ಮೊದಲಿಂದ. ಇಲ್ಲಿ ಗಾಜಿನ ಆಚೆ ಅವನು, ಈಚೆ ನಾನೊಬ್ಬನೇ. ಕಿವಿಗೆ ಹೆಡ್‌ಫೋನ್, ಅದರೊಳಗೆ ಗಡಿಯಾರದ ಹಾಗೆ ಟಕ್ ಟಕ್. ಆ ಟಕ್ಕಿಗೆ ಸರಿಯಾಗಿ ಹಾಡಬೇಕಂತೆ.

"ಅಜ್ಜ, ನೀವು ಮುಂದೆ ಓಡ್ತಾ ಇದ್ದೀರಿ" ಎಂದ ಶಿಶಿರ್.

"ನಾನು ಓಡುದಲ್ಲ ಮಾರಾಯ, ನಿನ್ನ ಗಡಿಯಾರ ಹಿಂದೆ ಉಳೀತದೆ."

ಎರಡು ದಿನ ಹೀಗೇ ಜಗಳವಾಡಿದೆವು. ಮೂರನೆಯ ದಿನ ಅವನೇ ಟಕ್ ತೆಗೆದ. ಆಮೇಲೆ ಹಾಡು ಸಲೀಸಾಗಿ ಬಂತು. ಆದರೂ ನನ್ನ ಸ್ವರವನ್ನು ಆ ದೊಡ್ಡ ಸ್ಪೀಕರಿನಲ್ಲಿ ಕೇಳಿದಾಗ ಹೆದರಿಕೆಯಾಯಿತು. ಒಣಗಿದ ತೆಂಗಿನ ಮಡಲನ್ನು ಅಂಗಳದಲ್ಲಿ ಎಳೆದ ಹಾಗೆ. ಮೊದಲಿನ ಶೇಖರ ಎಲ್ಲೂ ಇಲ್ಲ. ಶಿಶಿರ್ ಚಂದ ಉಂಟು ಎನ್ನುತ್ತಾನೆ. ಅವನಿಗೆ ಅವನ ಅಮ್ಮನ ನೆನಪು, ಅವನ ಮಾತು ಲೆಕ್ಕಕ್ಕಿಲ್ಲ. ನೀನು ಹೇಳಬೇಕು.

ಐದನೆಯ ಹಾಡಿನ ಹೆಸರು 'ಮುಂಬಯಿ ಬಸ್ಸು'. ಉಳಿದವು ತುಳು, ಇದೊಂದು ಕನ್ನಡ. ಯಾಕೆ ಹಾಗೆ ಬಂತು ಎಂದು ಆಮೇಲೆ ಗೊತ್ತಾಯಿತು: ನಿನ್ನ ಹತ್ತಿರ ಮಾತಾಡುವುದು ತುಳುವಾದರೂ ನಿನಗೆ ಬರೆಯುವುದು ಯಾವಾಗಲೂ ಕನ್ನಡ ತಾನೆ? ಅದು ನಿನ್ನ ಬಗ್ಗೆ, ಅಕ್ಕ. ನಾನು ನಿನ್ನನ್ನು ಯಾವತ್ತೂ ಕೇಳದ ಒಂದು ಪ್ರಶ್ನೆ ಅದರಲ್ಲಿ ಉಂಟು. ಎದುರು ನಿಂತು ಕೇಳಲು ಧೈರ್ಯ ಬರಲಿಲ್ಲ. ಇನ್ನೇನೂ ಹೇಳುವುದಿಲ್ಲ.

ಉತ್ತರವನ್ನು ಕಾಯುತ್ತಿರುತ್ತೇನೆ.

ಶೇಖರ


ನಾಸಿಕ್
೩೦ ಆಗಸ್ಟ್ ೨೦೨೩

ಶೇಖರ,

ಹಾಡುಗಳು ಬಂದವು. ಪ್ರಾಪ್ತಿ ಎಲ್ಲವನ್ನೂ ಹಾಕಿದಳು. ಎಲ್ಲವೂ ಚೆನ್ನಾಗಿವೆ. ನಿನ್ನ ಸ್ವರ ಏನೂ ಬದಲಾಗಿಲ್ಲ, ಮೊದಲಿನ ಹಾಗೇ ಇದೆ. ಸುಮ್ಮನೆ ಹೆದರಬೇಡ.

ಮುಂಬಯಿ ಬಸ್ಸಿನ ಹಾಡೂ ಚೆನ್ನಾಗಿದೆ. ಅದರಲ್ಲಿ ಮ್ಯಾಂಡೊಲಿನ್ ಬಹಳ ಇಂಪಾಗಿ ಬಂದಿದೆ. ಪ್ರಾಪ್ತಿಗೂ ತುಂಬ ಹಿಡಿಸಿತು.

ಮೊಣಕಾಲು ನೋವು ಸ್ವಲ್ಪ ಹೆಚ್ಚಾಗಿದೆ. ಇಲ್ಲಿ ಚೌತಿಯ ತಯಾರಿ. ಹೋಟೆಲಿನಲ್ಲಿ ಅಡುಗೆಯವರು ಊರಿಗೆ ಹೋಗಿ ಜಿತೇಶನಿಗೆ ಬಿಡುವಿಲ್ಲ.

ಎಲ್ಲರಿಗೂ ನೆನಪು ಹೇಳು.

ಕಾಂತಿ


ಸಿದ್ಧಕಟ್ಟೆ
೨೦ ನವೆಂಬರ್ ೨೦೨೩

ಅಕ್ಕನಿಗೆ ನಮಸ್ಕಾರಗಳು.

ಆಲ್ಬಂ ಸಿದ್ಧವಾಗಿದೆ. ಡಿಸೆಂಬರ್ ಹದಿನೇಳರ ಭಾನುವಾರ ಬೆಳಿಗ್ಗೆ ಮೂಡುಬಿದಿರೆಯಲ್ಲಿ ಬಿಡುಗಡೆ. ಆಮಂತ್ರಣ ಪತ್ರಿಕೆ ಇದರ ಜೊತೆಗಿದೆ. ನಿಮಗೆಲ್ಲ ಅನುಕೂಲವಾದರೆ ಬರಬೇಕು. ಜಿತೇಶನಿಗೂ ತಿಳಿಸುವುದು.

ಇಲ್ಲಿ ಎಲ್ಲರೂ ಕ್ಷೇಮ.

ಇತಿ,
ಶೇಖರ


ನಾಸಿಕ್
೬ ಡಿಸೆಂಬರ್ ೨೦೨೩

ಶೇಖರ,

ಆಮಂತ್ರಣ ನೋಡಿ ಸಂತೋಷವಾಯಿತು. ನಿನ್ನ ಫೋಟೋ ಗಂಭೀರವಾಗಿದೆ, ಕೂದಲಿಗೆ ಬಣ್ಣ ಹಾಕದೇ ಇದ್ದದ್ದು ಒಳ್ಳೆಯದಾಯಿತು. ಪತ್ರ ಚಿಕ್ಕದಾಗಿತ್ತು. ಓಡಾಟ ಜಾಸ್ತಿ ಇರಬೇಕು. ಇರಲಿ, ದೊಡ್ಡ ಕೆಲಸ ಮಾಡುವವನಿಗೆ ಪತ್ರ ಬರೆಯಲು ಹೊತ್ತೆಲ್ಲಿ?

ನನಗೆ ಬರಲು ಆಗುವುದಿಲ್ಲ. ಮೊಣಕಾಲು ಅಷ್ಟು ದೂರದ ಪ್ರಯಾಣಕ್ಕೆ ಒಪ್ಪುವುದಿಲ್ಲ. ಮತ್ತೆ ಸಭೆ, ಗದ್ದಲ, ಹತ್ತು ಜನ ಬಂದು ಮಾತಾಡಿಸುವುದು, ಇದೆಲ್ಲ ಈಗ ನನ್ನಿಂದ ಸಾಧ್ಯವಿಲ್ಲ. ಬೇಸರ ಮಾಡಬೇಡ.

ವೇದಿಕೆಯಲ್ಲಿ ಮುಂಬಯಿ ಬಸ್ಸಿನ ಹಾಡನ್ನು ಹಾಡು. ಪ್ರಾಪ್ತಿ ಅದನ್ನು ದಿನಾ ಕೇಳುತ್ತಾಳೆ.

ಕಾಂತಿ


ಸಿದ್ಧಕಟ್ಟೆ
೨ ಜನವರಿ ೨೦೨೪

ಅಕ್ಕ,

ಬರೆಯಬಾರದು ಎಂದಿದ್ದೆ. ಆದರೆ ನುಂಗಿಕೊಂಡು ಕೂತರೆ ಅನ್ನ ಸೇರುವುದಿಲ್ಲ. ಬರೆದೇ ಬಿಡುತ್ತೇನೆ.

ಆ ಹಾಡಿನಲ್ಲಿ ಮ್ಯಾಂಡೊಲಿನ್ ಇಲ್ಲ. ಚೆಂಡೆ ಇಲ್ಲ, ಹಾರ್ಮೋನಿಯಂ ಇಲ್ಲ, ಏನೂ ಇಲ್ಲ. ನನ್ನ ಸ್ವರ ಒಂದೇ. ಶಿಶಿರ್ ಸಣ್ಣಗೆ ಮ್ಯಾಂಡೊಲಿನ್ ಸೇರಿಸುವ ಎಂದಿದ್ದ. "ಬೇಡ, ಇದು ಅಕ್ಕನ ಎದುರು ಕೂತು ಹೇಳುವ ಮಾತು, ನಡುವೆ ಯಾರೂ ಬೇಡ" ಎಂದು ನಾನೇ ಬಿಡಿಸಿದ್ದೆ. ಅದನ್ನು ನೀನು ಕೇಳಲೇ ಇಲ್ಲ ಎಂದು ನಿನ್ನ ಆಗಸ್ಟಿನ ಪತ್ರದಲ್ಲೇ ಗೊತ್ತಾಯಿತು. ಸ್ವರ ಮೊದಲಿನ ಹಾಗೇ ಉಂಟಂತೆ! ಒಂದು ಸಾಲು ಕೇಳಿದ್ದರೂ ನೀನು ಹಾಗೆ ಬರೆಯುತ್ತಿರಲಿಲ್ಲ. ಸುಳ್ಳು ಸಾಲನ್ನು ಬೆರಳಿಟ್ಟು ತೋರಿಸುತ್ತಿದ್ದವಳು ನೀನು.

ಅಥವಾ ಕೇಳಿ, ಆ ಪ್ರಶ್ನೆ ನಿನಗೆ ಹಿಡಿಸದೆ ಹೀಗೆ ಹಾರಿಕೆಯ ಮಾತು ಬರೆದೆಯೋ? ಹಾಗಿದ್ದರೆ ನೇರವಾಗಿ ಬೈಯಬಹುದಿತ್ತು. ನಾಸಿಕ್‌ಗೆ ಹೋಗಿ ಹೋಟೆಲಿನ ಧಣಿಯ ಹೆಂಡತಿ, ಧಣಿಯ ತಾಯಿ ಆದವಳಿಗೆ ಊರಿನ ಮೈಕ್ ಸೆಟ್ಟಿನವನ ಹಾಡಿಗೆ ಪುರುಸೊತ್ತು ಇಲ್ಲ ಎಂದರೂ ನಾನು ಒಪ್ಪುತ್ತಿದ್ದೆ. ಮೊಣಕಾಲಿನ ನೆಪ ಬೇಕಿರಲಿಲ್ಲ.

ಹಾಡನ್ನು ಸೆಪ್ಟೆಂಬರಿನಲ್ಲೇ ತೆಗೆಸಿದೆ. ಶಿಶಿರ್ ಗಾಜಿನ ಆಚೆಯಿಂದ ಎದ್ದು ಬಂದ.

"ಅಜ್ಜ, ಇದೊಂದು ಬಿಟ್ಟು ಯಾವುದನ್ನು ಬೇಕಾದ್ರೂ ತೆಗೀವ. ಆಲ್ಬಮ್ಮಿನ ಜೀವ ಇದು."

"ತೆಗಿ ಅಂದ್ರೆ ತೆಗಿ. ಯಾರಿಗಾಗಿ ಹಾಡಿದ್ದೋ ಅವರಿಗೇ ಬೇಡ."

ಅದರ ಜಾಗಕ್ಕೆ ಮದುವೆ ಊಟದ ತಮಾಷೆಯ ಪದ್ಯ ಹಾಕಿದೆವು. ಬಿಡುಗಡೆಯ ದಿನ ಜನ ಅದನ್ನೇ ಎರಡು ಸಲ ಹಾಡಿಸಿದರು. ಭಾಷಣ ಮಾಡಿದವರೊಬ್ಬರು, "ಶೇಖರಣ್ಣನ ಹಾಡು ನಮ್ಮನ್ನು ನಗಿಸ್ತದೆ, ಅಳಿಸುವುದಿಲ್ಲ" ಎಂದು ಹೊಗಳಿದರು. ಅಳಿಸುವಂಥದ್ದನ್ನು ನಾನು ಮೊದಲೇ ಅಳಿಸಿ ಬಂದಿದ್ದೆನಲ್ಲ.

ನಿನಗೆ ಇನ್ನು ಉತ್ತರ ಬರೆಯುವ ತೊಂದರೆ ಬೇಡ.

ಶೇಖರ


ನಾಸಿಕ್
೧೧ ಜೂನ್ ೨೦೨೪

ಶೇಖರ,

ನಿನ್ನ ಪತ್ರಕ್ಕೆ ಎಷ್ಟೋ ಸಲ ಉತ್ತರ ಬರೆದೆ, ಹರಿದೆ. ಒಮ್ಮೆ ಸಿಟ್ಟು ಬಂದು ಹರಿದೆ, ಒಮ್ಮೆ ನಾಚಿಕೆಯಾಗಿ. ಇದನ್ನು ಹರಿಯುವ ಮೊದಲು ಅಂಚೆಗೆ ಹಾಕಲು ಪ್ರಾಪ್ತಿಯ ಕೈಗೆ ಕೊಟ್ಟುಬಿಡುತ್ತೇನೆ.

ನನಗೆ ಕಿವಿ ಕೇಳುವುದಿಲ್ಲ.

ನಿನ್ನ ಭಾವ ತೀರಿಕೊಂಡ ವರ್ಷವೇ ಶುರುವಾಯಿತು. ಮೊದಲು ಕುಕ್ಕರಿನ ಸೀಟಿ ಹೋಯಿತು. ಬೇಳೆ ಹೊತ್ತಿ ಮನೆಯೆಲ್ಲ ಹೊಗೆಯಾದಾಗ ಎಲ್ಲರೂ ನಕ್ಕರು, ಅಮ್ಮನಿಗೆ ಮರೆವು ಎಂದರು. ಆಮೇಲೆ ಬಾಗಿಲ ಗಂಟೆ ಹೋಯಿತು. ಆಮೇಲೆ ಮನುಷ್ಯರ ಮಾತು. ಡಾಕ್ಟರು ಎರಡೂ ಕಿವಿಗೆ ಮಷಿನ್ ಕೊಟ್ಟರು. ಹಾಕಿದರೆ ಸದ್ದು ಬರುತ್ತದೆ, ಮಾತು ಬರುವುದಿಲ್ಲ. ಹಾಡು ಹಾಕಿದರೆ ಸ್ಟೀಲ್ ತಟ್ಟೆಗಳನ್ನು ಸಿಮೆಂಟ್ ನೆಲದ ಮೇಲೆ ಎಳೆದಂತೆ. ಈಗ ಅದೂ ಇಲ್ಲ. ಎದುರು ಕೂತು ನಿಧಾನವಾಗಿ ತುಳುವಿನಲ್ಲಿ ಮಾತಾಡಿದರೆ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತೇನೆ. ಅದಕ್ಕೇ ಪತ್ರ ಬರೆ ಎಂದದ್ದು. ಅದಕ್ಕೇ ಹಾಡಿನ ಮಾತು ಬರೆದು ಕಳಿಸು ಎಂದದ್ದು. ನೀನು ಅಕ್ಕಿ, ಅನ್ನ ಎಂದು ನನ್ನ ಮಾತನ್ನೇ ನನಗೆ ತಿರುಗಿಸಿದೆ.

ನಿನ್ನ ಹಾಡು ಬಂದ ದಿನ ಪ್ರಾಪ್ತಿ ಫೋನನ್ನು ನನ್ನ ಮಷಿನ್ನಿಗೆ ಹತ್ತಿರ ಹಿಡಿದಳು. ಸ್ಟೀಲ್ ತಟ್ಟೆ. ಇನ್ನೊಮ್ಮೆ ಹಿಡಿ ಎಂದೆ. ಮತ್ತೆ ಅದೇ. ಆ ಹುಡುಗಿಯ ಕಣ್ಣಲ್ಲಿ ನೀರು ಬಂತು. ಹಾಡಿಗೋ ನನಗೋ ಗೊತ್ತಾಗಲಿಲ್ಲ. "ಏನು ಹಾಡಿದ್ದಾನೆ, ಬರೆದು ಕೊಡು" ಎಂದರೆ ಅವಳಿಗೆ ಕನ್ನಡ ಬರೆಯಲು ಬರುವುದಿಲ್ಲ. ತುಳುವಿನಲ್ಲಿ ಹೇಳು ಎಂದರೆ, "ಬಸ್ ಹೋಗ್ತದೆ, ತಮ್ಮ ನಿಂತು ನೋಡ್ತಾನೆ, ಅಷ್ಟೇ ಅಜ್ಜಿ. ಆದ್ರೆ ಅಷ್ಟೇ ಅಲ್ಲ" ಎಂದಳು. ಜಿತೇಶನನ್ನು ಕೇಳಿದರೆ, "ನಾಳೆ ಬರೀತೇನೆ ಅಮ್ಮ" ಎಂದ. ಅವನ ನಾಳೆ ಬರಲಿಲ್ಲ. ನೀನು ಉತ್ತರ ಕಾಯುತ್ತೇನೆ ಎಂದು ಬರೆದಿದ್ದೆ. ಮ್ಯಾಂಡೊಲಿನ್ ಇಲ್ಲದೆ ನೀನು ಹಾಡಿದ್ದು ನಾನು ಕಂಡದ್ದೇ ಇಲ್ಲ. ಹಾಗಾಗಿ ಬರೆದೆ.

ಯಾಕೆ ಹೇಳಲಿಲ್ಲ ಎನ್ನುತ್ತೀಯ. ಹೇಳಿದರೆ ನೀನು ಹಾಡುವುದನ್ನೇ ನಿಲ್ಲಿಸುತ್ತೀಯ ಎಂದು ಹೆದರಿದೆ. ಅಷ್ಟು ವರ್ಷದ ಮೇಲೆ ನೀನು ಬಾಯಿ ತೆರೆದಿದ್ದೆ. ಅಕ್ಕನಿಗೇ ಕೇಳದಿದ್ದರೆ ಯಾಕೆ ಎಂದು ಮೈಕ್ ಇಟ್ಟು ಮನೆಗೆ ಹೋಗುವವನು ನೀನು, ನನಗೆ ಗೊತ್ತು. ಆಲ್ಬಂ ಮುಗಿಯಲಿ, ಆಮೇಲೆ ಹೇಳುವ ಎಂದು ಇಟ್ಟುಕೊಂಡೆ. ಹಾಡು ಉಳಿಯಲಿ ಎಂದು ಹೇಳಿದ ಸುಳ್ಳಿಗೇ ಹಾಡು ಹೋಯಿತು. ಇದಕ್ಕೆ ಯಾರನ್ನು ಬೈಯಲಿ?

ಹೋಟೆಲಿನ ಧಣಿಯ ತಾಯಿ ಎಂದೆಯಲ್ಲ, ಅದನ್ನು ಓದಿ ಎರಡು ದಿನ ಅಡುಗೆ ಮನೆಗೆ ಹೋಗಲಿಲ್ಲ. ಈಗ ಇಲ್ಲ ಆ ಸಿಟ್ಟು.

ಹಾಡಿನ ಮಾತನ್ನು ಬರೆದು ಕಳಿಸು. ನನ್ನನ್ನು ಏನು ಕೇಳಿದ್ದೀಯ ಎಂದು ನನಗೆ ಇನ್ನೂ ಗೊತ್ತಿಲ್ಲ.

ಕಾಂತಿ


ಸಿದ್ಧಕಟ್ಟೆ
೨೨ ಜೂನ್ ೨೦೨೪

ಅಕ್ಕ,

ನಿನ್ನ ಪತ್ರವನ್ನು ಅಂಗಡಿಯಲ್ಲಿ ಒಡೆದೆ. ಓದಿ ಮುಗಿಸಿದಾಗ ಯಾರೋ ಶ್ರಾದ್ಧಕ್ಕೋ ನಾಮಕರಣಕ್ಕೋ ಸೌಂಡ್ ಬುಕ್ ಮಾಡಲು ಬಂದಿದ್ದರು. ನಾನು ಏನು ಹೇಳಿದೆನೋ, ಅವರು ನನ್ನನ್ನು ನೋಡಿ ಹಾಗೇ ಹೋದರು. ಜ್ಯೋತ್ಸ್ನಾ ಬಂದಳು. ಪತ್ರವನ್ನು ಅವಳ ಕೈಗೆ ಕೊಟ್ಟೆ. ಓದಿ, "ಒಂದು ಸಲ ಜಿತೇಶನಿಗೆ ಫೋನ್ ಮಾಡಿ ಅಕ್ಕನ ಆರೋಗ್ಯ ಹೇಗುಂಟು ಅಂತ ಕೇಳಿದ್ರೆ ಆಗ್ತಿರ್ಲಿಲ್ವಾ ನಿಮಗೆ?" ಎಂದಳು.

ಆಗುತ್ತಿತ್ತು. ಕೇಳಲಿಲ್ಲ. ನನಗೆ ನನ್ನ ಹಾಡಿನದ್ದೇ ಚಿಂತೆ. ಮನೆ ಶಾಂತವಾಗಿದೆ ಎಂದು ನೀನು ಬರೆದಿದ್ದೆ, ಮಗ ಬಂದದ್ದು ಚಪ್ಪಲಿ ನೋಡಿ ಗೊತ್ತಾಗುತ್ತದೆ ಎಂದೂ ಬರೆದಿದ್ದೆ. ಅದನ್ನೆಲ್ಲ ಓದಿ ದಾಟಿ, ನನ್ನ ಹಾಡಿನ ಬಗ್ಗೆ ಏನು ಬರೆದಿದ್ದಾಳೆ ಎಂದು ಹುಡುಕಿದವನು ನಾನು. ಜನವರಿಯ ಪತ್ರದಲ್ಲಿ ಆ ಮಾತುಗಳನ್ನು ಬರೆದ ಕೈ ನನ್ನದೇ. ಕ್ಷಮಿಸು ಎಂದರೆ ಅದೂ ಸಣ್ಣ ಮಾತೇ. ಆದರೂ ಕ್ಷಮಿಸು.

ಅದೇ ಸಂಜೆ ಮೂಡುಬಿದಿರೆಗೆ ಹೋದೆ. ಶಿಶಿರ್ ಹಾಡನ್ನು ಬಿಸಾಡಿಲ್ಲ, ಇಟ್ಟುಕೊಂಡಿದ್ದಾನೆ. ಇಂಟರ್ನೆಟ್ಟಿನಲ್ಲಿರುವ ಆಲ್ಬಮ್ಮಿಗೆ ಈಗಲೂ ಸೇರಿಸಬಹುದಂತೆ. "ಇವತ್ತೇ ಹಾಕುವ ಅಜ್ಜ" ಎಂದ. ಬೇಡ ಎಂದೆ. ನೀನು ಓದದೆ ಅದು ಹೊರಗೆ ಹೋಗುವುದಿಲ್ಲ. ಓದಿದ ಮೇಲೂ ಬೇಡ ಎಂದರೆ ಬೇಡ.

ಅಕ್ಕಿಯನ್ನೇ ಕಳಿಸುತ್ತಿದ್ದೇನೆ. ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

ಬಂಟ್ವಾಳದ ಪೇಟೆಯಲ್ಲಿ ನನ್ನನಿಳಿಸಿ
ಹೊರಟಿತ್ತು ಬಸ್ಸು, ಅಕ್ಕ, ನಿನ್ನ ಕೂರಿಸಿ.
ಮಲ್ಲಿಗೆಯ ದಂಡೆಯ ಭಾರಕ್ಕೆ ಬಾಗಿ
ಕಿಟಕಿಯಲಿ ಕಂಡೆ ನೀ ಯಾರವಳೋ ಆಗಿ.

ಗಂಟೆ ಹೊಡೆದ ಮೇಲೆ ಎದ್ದು ನಿಂತೆಯಲ್ಲ,
ಕಂಬಿ ಹಿಡಿದ ಕೈಯ ನಾನು ಮರೆತಿಲ್ಲ.
ಇಳಿಯಲೆಂದೊ, ಅಕ್ಕ, ಸುಮ್ಮನೆಯೊ, ಹೇಳು.
ಕೂಗಲಿಲ್ಲ ನಾನು, ಕಟ್ಟಿತ್ತು ಕೊರಳು.

ಎಷ್ಟು ಹಾಡು ಕಟ್ಟಿ ಊರೂರು ತಿರುಗಿದೆ,
ಅಂದು ಕೂಗದ ಹೆಸರ ಎಲ್ಲದರಲು ಕರೆದೆ.
ಈಗಲಾದರು ಅಕ್ಕ ಕೇಳಿತೇ ನಿನಗೆ?
ಬಸ್ಸು ಹೋದ ದಾರಿ ಹಾಗೆ ಉಂಟು ಒಳಗೆ.

ಕೊನೆಯ ಪದ್ಯದ ಮೂರನೆಯ ಸಾಲನ್ನು ಬರೆಯುವಾಗ ಕೈ ನಿಂತಿತು. ಹಾಡಿದ್ದು ಹಾಗೆಯೇ, ಬದಲಿಸಲಿಲ್ಲ.

ನಿನಗೆ ನೆನಪಿರಬೇಕು. ಮದುವೆಯಾಗಿ ನೀನು ಭಾವನ ಜೊತೆ ಹೊರಟ ದಿನ, ಮಂಗಳೂರಿಗೆ ಹೋಗಿ ಅಲ್ಲಿಂದ ಮುಂಬಯಿ ಬಸ್ಸು ಹತ್ತುವುದೆಂದು ಇತ್ತು. ನಾನು ಬಂಟ್ವಾಳದವರೆಗೆ ಬಂದು ಇಳಿದೆ. ಆಗ ನನಗೆ ಹದಿನಾಲ್ಕು. ಬಸ್ಸು ಹೊರಟ ಮೇಲೆ ನೀನು ಎದ್ದು ನಿಂತದ್ದನ್ನು ನೋಡಿ ಓಡಬೇಕೆಂದುಕೊಂಡೆ. ಕಾಲು ಬರಲಿಲ್ಲ. ನೀನು ಪುನಃ ಕುಳಿತೆ.

ಮುಂದಿನ ತಿಂಗಳು ನಾಸಿಕ್‌ಗೆ ಬರುತ್ತೇನೆ. ರೈಲಿನ ಟಿಕೆಟ್ ಆಗಿದೆ.

ಶೇಖರ


ನಾಸಿಕ್
೧೮ ಆಗಸ್ಟ್ ೨೦೨೪

ಶೇಖರ,

ಊರು ಮುಟ್ಟಿದ ಸುದ್ದಿ ಪ್ರಾಪ್ತಿ ಹೇಳಿದಳು. ನೀನು ಬಿಟ್ಟುಹೋದ ಕನ್ನಡಕದ ಪೆಟ್ಟಿಗೆ ಸಿಕ್ಕಿದೆ, ಜಿತೇಶ ಕಳಿಸುತ್ತಾನೆ.

ನೀನು ಬಂದ ಮರುದಿನ ಎದುರು ಕುರ್ಚಿ ಹಾಕಿ ಕೂತು ಹಾಡಿದೆಯಲ್ಲ, ನಾನು ತಲೆ ಆಡಿಸುತ್ತಿದ್ದೆ. ಈಗ ನಿಜ ಹೇಳುತ್ತೇನೆ, ಇನ್ನು ನಿನ್ನ ಹತ್ತಿರ ನಟನೆ ಬೇಡ. ತುಳುವಿನ ತುಟಿ ಓದಲು ಕಲಿತ ನನಗೆ ಕನ್ನಡದ ತುಟಿ ಬರುವುದಿಲ್ಲ. ಅದರಲ್ಲೂ ಎಳೆದು ಹಾಡುವಾಗ ಎಲ್ಲ ಮಾತೂ ಒಂದೇ ಥರ. 'ಅಕ್ಕ' ಎಂಬುದೊಂದು ಗೊತ್ತಾಯಿತು. ಉಳಿದ ಹೊತ್ತು ನಿನ್ನನ್ನು ನೋಡುತ್ತಿದ್ದೆ. ಕುತ್ತಿಗೆಯ ನರ ಎದ್ದಿತ್ತು. ಕಿವಿಯ ಹಿಂದೆ ಎಲ್ಲ ಬಿಳಿ. ಎಷ್ಟು ಮುದುಕನಾಗಿದ್ದೀಯ ಮಾರಾಯ! ಕೇಳುತ್ತಿದ್ದ ಕಾಲದಲ್ಲಿ ನಾನು ನಿನ್ನ ಹಾಡಿನ ತಪ್ಪು ಹುಡುಕುತ್ತಾ ಕಣ್ಣು ಮುಚ್ಚಿ ಕೂರುತ್ತಿದ್ದೆ. ನಿನ್ನನ್ನು ಸರಿಯಾಗಿ ನೋಡಿದ್ದೇ ಈ ಸಲ.

ಓದುವಾಗ ಮಾತ್ರ ನಿನ್ನ ಇಪ್ಪತ್ತರ ಸ್ವರ ನನ್ನ ತಲೆಯೊಳಗೆ ಬರುತ್ತದೆ. ಈಗಿನ ಸ್ವರ ಹೇಗೆ ಉಂಟೋ. ಒಣ ಮಡಲು ಎಂದು ಬರೆದಿದ್ದೆ. ಆ ಮಡಲಿನ ಸ್ವರ ಕೇಳಬೇಕು ಎಂದು ಆಸೆಯಾಗುತ್ತದೆ. ಆಗುವುದಿಲ್ಲ.

ಹಾಡನ್ನು ಸೇರಿಸು. ಶಿಶಿರನಿಗೆ ಹೇಳು. ನನಗಾಗಿ ಕಾದದ್ದು ಸಾಕು, ಕೇಳುವ ಕಿವಿ ಇರುವವರು ಕೇಳಲಿ.

ನೀನು ಇಲ್ಲಿ ಇದ್ದ ಅಷ್ಟೂ ದಿನ ಆ ಪ್ರಶ್ನೆಯನ್ನು ಪುನಃ ಕೇಳಲಿಲ್ಲ. ನಾನೂ ಹೇಳಲಿಲ್ಲ. ಇವತ್ತು ಭಾನುವಾರ ಊಟದ ಮೇಲೆ ಪ್ರಾಪ್ತಿ ಹಾಲ್‌ನಲ್ಲಿ ದೊಡ್ಡ ಸ್ಪೀಕರಿಗೆ ಹಾಡು ಹಾಕಿದಳು. ಯಾವ ಹಾಡಿಗೂ ಕೂರದ ಜಿತೇಶ ಕೈ ತೊಳೆಯಲು ಎದ್ದವನು ಹಾಗೇ ನಿಂತ. ಮುಗಿದ ಮೇಲೆ ನನ್ನ ಎದುರು ಬಂದು ಕೂತು, ನಿಧಾನವಾಗಿ ಕೇಳಿದ. ಅವನ ತುಟಿ ನನಗೆ ಚೆನ್ನಾಗಿ ಬರುತ್ತದೆ.

"ಅಮ್ಮ, ಅವತ್ತು ನೀವು ಇಳೀಲಿಕ್ಕೆ ಎದ್ದದ್ದಾ?"

"ಅಲ್ಲ. ಸೆರಗು ಸೀಟಿನ ಮೊಳೆಗೆ ಸಿಕ್ಕಿತ್ತು" ಎಂದೆ.

ನಿನ್ನ ಭಾವನೂ ಅವತ್ತು ಬಸ್ಸಿನಲ್ಲಿ ಯಾಕೆ ಎದ್ದದ್ದು ಎಂದು ಕೇಳಿದ್ದರು. ಅವರಿಗೂ ಅದನ್ನೇ ಹೇಳಿದ್ದೆ. ಪಾಪ, ಹೊಸ ಸೀರೆ ಹರಿಯಿತೋ ಎಂದು ಸೆರಗನ್ನು ತಿರುಗಿಸಿ ನೋಡಿದರು. ಹರಿದಿರಲಿಲ್ಲ. ಅವರು ಒಳ್ಳೆಯವರು, ಒಂದು ದಿನವೂ ನನ್ನನ್ನು ನೋಯಿಸಲಿಲ್ಲ. ಈ ಮನೆ, ಮಗ, ಪ್ರಾಪ್ತಿ, ಇದು ಯಾವುದೂ ಬೇಡವಾಗಿತ್ತು ಎಂದು ನಾನು ಹೇಳುವುದಿಲ್ಲ. ಅದಕ್ಕೇ ಜಿತೇಶನಿಗೆ ಆ ಮಾತೇ ಸಾಕು.

ನೀನು ಮಾತ್ರ ಹಾಡು ಕಟ್ಟಿ ಕೇಳಿದ್ದೀಯ. ಹಾಗಾಗಿ ನಿನಗೆ ಹೇಳುತ್ತೇನೆ. ಸೆರಗು ಎಲ್ಲೂ ಸಿಕ್ಕಿರಲಿಲ್ಲ.

ಬೇಸರ ಮಾಡಬೇಡ, ಅವತ್ತು ನೀನು ಸಣ್ಣವನು. ಆದರೆ ಒಂದು ಸಲ ಕೂಗಿದ್ದರೆ ಇಳಿದುಬಿಡುತ್ತಿದ್ದೆ ಶೇಖರ. ಆಗ ನನಗೆ ಚೆನ್ನಾಗಿ ಕೇಳುತ್ತಿತ್ತು.

ಅಕ್ಕ
ಕಾಂತಿ